ಆಣೆ ಇಡದವರ ಪೆಪ್ಪರ್‌ಮಿಂಟು

ಚಳಿಗಾಲದ ಕೋಟನ್ನು ಮೊನ್ನೆ ಹೊರಗೆ ತೆಗೆದಾಗ ಜೇಬಿನಲ್ಲಿ ಒಂದು ಪೆಪ್ಪರ್‌ಮಿಂಟು ಸಿಕ್ಕಿತು. ಬಿಳಿ, ದುಂಡಗೆ, ಅಂಚೆಲ್ಲ ಪುಡಿ ಪುಡಿ. ಮೂಸಿದೆ. ಡಚ್ಚರ ನಾಡಿನ ಬೈಟನ್‌ವೆಲ್ಡರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನ ಪಕ್ಕದ ಮನೆ ಅಜ್ಜಿಯ ಅಡುಗೆಮನೆಯೇ ಎದ್ದು ಬಂದು ಎದುರಿಗೆ ನಿಂತಂತಾಯಿತು…

ಅವರು ಚರ್ಚಿನ ಭಾನುವಾರದ ಪ್ರಾರ್ಥನೆ ತಪ್ಪಿಸಿದವರಲ್ಲ. ಪ್ರವಚನ ಶುರುವಾಗುವಾಗ ಚೀಲದಿಂದ ಪೆಪ್ಪರ್‌ಮಿಂಟು ತೆಗೆದು ಸಾಲಿನಲ್ಲಿ ಕೂತವರಿಗೆಲ್ಲ ದಾಟಿಸುವುದು ಅಲ್ಲಿಯ ರೂಢಿ. ನನ್ನ ಪಾಲಿನದು ಮನೆಗೆ ಬರುತ್ತಿತ್ತು. "ಪ್ರವಚನಕ್ಕಂತೂ ಬರಲ್ಲ, ಇದನ್ನಾದರೂ ತಿನ್ನು" ಅನ್ನುತ್ತಿದ್ದರು. ನಾನು ಕಾಲೇಜಿನಿಂದಲೂ ಡಿಬೇಟ್ ಮಾಡಿಕೊಂಡು ಬೆಳೆದವಳು, ದೇವರನ್ನು ನಂಬದವಳು. ಅವರಿಗೂ ವಾದ ಅಂದರೆ ಕಾಫಿಯಷ್ಟೇ ಇಷ್ಟ.

ಅವರದು ಒಂದು ಸಣ್ಣ ಕ್ರೈಸ್ತ ಪಂಗಡ. ಮಗುವಿಗೆ ದೀಕ್ಷಾಸ್ನಾನ ಮಾಡಿಸುವುದಿಲ್ಲ. ದೊಡ್ಡವರಾದ ಮೇಲೆ ತಾವೇ ಕೇಳಿ ಪಡೆಯಬೇಕು. ಆಣೆಯಂತೂ ಇಡುವುದೇ ಇಲ್ಲ. ನಮ್ಮ ಉಡುಪಿ ಕಡೆ ಜಗಳ ಬಗೆಹರಿಯದಿದ್ದರೆ ದೈವದ ಮುಂದೆ ಆಣೆಗೆ ನಿಲ್ಲುತ್ತಾರೆ ಅಂತ ಒಮ್ಮೆ ಹೇಳಿದ್ದೆ. "ಹಾಗಾದರೆ ಬಾಕಿ ದಿನ ಸುಳ್ಳು ಹೇಳಬಹುದು ಅನ್ನು" ಅಂದಿದ್ದರು.

ರಾಜ್ಯವನ್ನೂ ಧರ್ಮವನ್ನೂ ಬೇರೆ ಮಾಡಿದ್ದು ನಮ್ಮಂಥ ನಾಸ್ತಿಕರು ಅನ್ನುವುದು ನನ್ನ ವಾದವಾಗಿತ್ತು. ಅವರು ಒಪ್ಪುತ್ತಿರಲಿಲ್ಲ, ಒಂದು ಹಳೆಯ ಕತೆ ತೆಗೆಯುತ್ತಿದ್ದರು. ಅಟ್ಲಾಂಟಿಕಿನ ಆಚೆ ಡಚ್ಚರ ವಸಾಹತು ಇದ್ದ ಕಾಲ. ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರಿಗೆ ಯಾರೂ ಮನೆಯಲ್ಲಿ ಜಾಗ ಕೊಡಬಾರದು ಅಂತ ಗವರ್ನರ್ ಹುಕುಂ ಹೊರಡಿಸಿದಾಗ, ಒಂದು ಊರಿನವರು ಆಗುವುದಿಲ್ಲ ಅಂತ ಬರೆದು ಸಹಿ ಹಾಕಿ ಕಳಿಸಿದ್ದರಂತೆ.

"ಅವರು ಕ್ವೇಕರರೂ ಅಲ್ಲ, ನಿನ್ನ ಹಾಗೆ ನಾಸ್ತಿಕರೂ ಅಲ್ಲ. ದೇವರಿಗೆ ಹೆದರಿದ್ದಕ್ಕೇ ಗವರ್ನರಿಗೆ ಹೆದರಲಿಲ್ಲ."

"ಒಂದು ಊರು ಇಟ್ಟುಕೊಂಡು ಸಿದ್ಧಾಂತ ಮಾಡೋಕಾಗಲ್ಲ" ಅಂದೆ.

"ಒಂದು ಕಾಲೇಜು ಇಟ್ಟುಕೊಂಡು ಆಗುತ್ತೇನು?"

ಕಳೆದ ಚಳಿಗಾಲದಲ್ಲಿ ನನಗೆ ಇಲ್ಲಿಯ ಪೌರತ್ವ ಸಿಕ್ಕಿತು. ನಗರಸಭೆಯ ಸಮಾರಂಭದಲ್ಲಿ ಎಲ್ಲರೆದುರು ನಿಷ್ಠೆಯ ಮಾತು ಹೇಳಬೇಕಿತ್ತು. ಎರಡು ಬೆರಳೆತ್ತಿ ದೇವರ ಹೆಸರಿನಲ್ಲಿ ಆಣೆ ಇಡಬಹುದು, ಇಲ್ಲವೇ ದೇವರ ಹೆಸರೆತ್ತದೆ ಬರೀ ಮಾತು ಕೊಡಬಹುದು. ಅಮ್ಮ ಫೋನಿನಲ್ಲಿ, "ದೇವರ ಹೆಸರು ಹೇಳ್ಲಿಕ್ಕೆ ನಿಂಗೆ ಎಂತ ಕಷ್ಟ ಮಾರಾಯ್ತಿ? ಒಳ್ಳೇದೇ ಆಗ್ತದೆ" ಅಂದರು. ಬರೀ ಶಬ್ದ ತಾನೇ, ಅಮ್ಮನಿಗೆ ಸಮಾಧಾನವಾದರೆ ಆಗಲಿ ಅಂದುಕೊಂಡೆ. ಅಜ್ಜಿಗೂ ಹಾಗೇ ಹೇಳಿದೆ. ಭಕ್ತೆ, ಖುಷಿಪಡುತ್ತಾರೆ ಅನ್ನುವುದು ನನ್ನ ಲೆಕ್ಕ.

ಅವರು ಕಪ್ಪು ಕೆಳಗಿಟ್ಟರು.

"ಬೇಡ. ನೂರಾರು ವರ್ಷದ ಹಿಂದೆ, ಅಧಿಕಾರಿ ಹೇಳಿದ ಹಾಗೆ ನಂಬಲ್ಲ ಅಂದಿದ್ದಕ್ಕೆ ನಮ್ಮವರನ್ನು ನೀರಲ್ಲಿ ಮುಳುಗಿಸಿ ಕೊಂದರು. ಉಳಿದವರು, ನಮ್ಮ ಮಾತೇ ಸಾಕು, ಆಣೆ ಇಡಲ್ಲ ಅಂತ ಹಟ ಹಿಡಿದರು. ಬರೀ ಮಾತು ಕೊಡುವ ಆ ಎರಡನೇ ದಾರಿ ಬಂದದ್ದು ಹಾಗೆ. ನಿನಗೆ ಯಾವುದು ನಿಜವೋ ಅದನ್ನೇ ಹೇಳು. ಮುಂದಿನ ಸಾಲಲ್ಲಿ ಕೂತು ಕೇಳುತ್ತೇನೆ."

ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಉತ್ತರ ಸಮಾರಂಭದ ದಿನ ಕೊಡುತ್ತೇನೆ ಅಂದೆ. ನಕ್ಕು, ನನ್ನ ಕೋಟಿನ ಜೇಬಿಗೆ ಒಂದು ಪೆಪ್ಪರ್‌ಮಿಂಟು ಹಾಕಿದರು. "ಇಟ್ಟುಕೋ. ಮೇಯರ್ ಭಾಷಣ ಉದ್ದ ಇರುತ್ತೆ."

ಸಮಾರಂಭಕ್ಕೆ ಇನ್ನೇನು ಕೆಲವೇ ದಿನ ಇದ್ದಾಗ ಅವರ ಮಗ ನಮ್ಮ ಬೆಲ್ ಒತ್ತಿದರು. ಅಜ್ಜಿ ನಿದ್ದೆಯಲ್ಲೇ ಹೋಗಿದ್ದರು…

ನನ್ನ ಹೆಸರು ಕರೆದಾಗ ಬೆರಳೆತ್ತಲಿಲ್ಲ. ಬರೀ ಮಾತು ಕೊಟ್ಟೆ. ಮುಂದಿನ ಸಾಲಿನಲ್ಲಿ ಯಾರದೋ ಮಗು ಕಾಗದದ ಬಾವುಟ ಅಗಿಯುತ್ತಾ ಕೂತಿತ್ತು. ಅಮ್ಮ ವಿಡಿಯೋ ನೋಡಿ, "ಆಯ್ತು ಬಿಡು, ಸೀರೆ ಚಂದ ಇತ್ತು" ಅಂದರು.

ಬರೀ ಶಬ್ದಕ್ಕೆ ಇಷ್ಟೇಕೆ ಹಟ ಅಂತ ಅಜ್ಜಿಗೆ ಕೊಡಬೇಕೆಂದಿದ್ದ ಉತ್ತರ ಆಗ ಸಿದ್ಧವಾಗಿಯೇ ಇತ್ತು. ಈಗ ತಿರುವಿ ನೋಡಿದರೆ ಅದರಲ್ಲಿ ಹುರುಳಿಲ್ಲ. ನೀವು ಗೆದ್ದಿರಿ ಅನ್ನಬೇಕಿತ್ತು ನಾನು; ಅವರು ಅದನ್ನೂ ಒಪ್ಪದೆ ಇನ್ನೊಂದು ವಾದ ಹೂಡುತ್ತಿದ್ದರೋ ಏನೋ…

ಗೋಡೆಯಾಚೆ ಹೊಸಬರು ಬಂದಿದ್ದಾರೆ, ಡ್ರಿಲ್ಲಿನ ಸದ್ದು. ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಂಡೆ. ಜೇಬಿನ ನೂಲೂ ಅಂಟಿತ್ತು. ಖಾರ ಮಾತ್ರ ಹಾಗೇ ಇತ್ತು.