ಬ್ಯಾಟರಿ ಕಂಪೆನಿಯಲ್ಲೂ ಒಂದು ಪಿಗ್ಮಿ

ಕಾಪು ಪೇಟೆಯಲ್ಲಿ ಯಾರದ್ದಾದರೂ ಕಣ್ಣು ತಪ್ಪಿಸಿ ಓಡಾಡಬೇಕಾದರೆ ದಾರಿಗಳು ಬೇಕಾದಷ್ಟುಂಟು. ಮೀನು ಮಾರ್ಕೆಟಿನ ಹಿಂದಿನಿಂದ ನುಸುಳಬಹುದು, ಬಸ್ಸಿನ ಮರೆಯಲ್ಲಿ ದಾಟಬಹುದು, ಏನೂ ಆಗದಿದ್ದರೆ ಫೋನನ್ನು ಕಿವಿಗೆ ಒತ್ತಿಕೊಂಡು ಹಲೋ ಹಲೋ ಎನ್ನಬಹುದು. ಕುಶಲಕ್ಕನಿಗೆ ಮಾತ್ರ ಆ ಭಾಗ್ಯ ಇರಲಿಲ್ಲ. ಅವಳು ಪಿಗ್ಮಿ ಕಲೆಕ್ಟರ್. ಭಾನುವಾರ ಒಂದು ಬಿಟ್ಟು ದಿನಾ ಪೇಟೆಯ ಅಂಗಡಿಗಳ ಮೆಟ್ಟಿಲು ಹತ್ತಿ, ಅವತ್ತಿನ ಐವತ್ತೋ ನೂರೋ ಕೇಳಿ ತೆಗೆದುಕೊಂಡು, ಕೈಯ ಮೆಷಿನ್ನಿನಿಂದ ಚೀಟಿ ಹರಿದುಕೊಟ್ಟು, ಹಣವನ್ನು ಸೊಸೈಟಿಗೆ ಕಟ್ಟುವುದು ಅವಳ ಹೊಟ್ಟೆಪಾಡು. ಮುಖ ಮರೆಸಿಕೊಂಡು ಮಾಡುವ ಕೆಲಸವೇ ಅಲ್ಲ ಅದು. ಅಂಥವಳು ಹೋಗಿ ಹೋಗಿ ಪೇಟೆಯ ಅರ್ಧ ಅಂಗಡಿಯವರಿಂದ ಒಂದೇ ಕಂಪೆನಿಯ ಶೇರು ಖರೀದಿ ಮಾಡಿಸಿದ್ದಳು.

ಹುಟ್ಟಿದ್ದು ಕಾರ್ಕಳದಲ್ಲಿ. ಪಿಯುಸಿ ಮುಗಿಸಿ ಬೀಡಿ ಕಟ್ಟುತ್ತಿದ್ದವಳನ್ನು ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ ಕರುಣಾಕರ ಮದುವೆಯಾಗಿ ಕಾಪುವಿಗೆ ಕರೆತಂದ. ಬೀಡಿಗೆ ಕಾಲ ಕೆಟ್ಟ ಮೇಲೆ ಪಿಗ್ಮಿಯ ಚೀಲ ಹೆಗಲಿಗೆ ಬಂತು. ಮೊದಲು ನಡಿಗೆ, ಆಮೇಲೆ ಒಂದು ಹಳೆಯ ಸ್ಕೂಟಿ. ಮಾತಿಲ್ಲದೆ ಅವಳಿಗೆ ಮೆಟ್ಟಿಲು ಹತ್ತಲಿಕ್ಕೇ ಆಗುತ್ತಿರಲಿಲ್ಲ. ಬೂತಾಯಿ ಮೀನಿನ ರೇಟು, ಸೇತುವೆಯ ಟೆಂಡರು, ಯಾರ ಮಗಳಿಗೆ ಯಾರ ಮಗ, ಏನಾದರೊಂದು ಸುದ್ದಿ ಬೇಕು. ಇಲ್ಲದಿದ್ದರೆ ಅಲ್ಲೇ ನಿಂತು ತಯಾರಿಸುವ ಕೈಚಳಕವೂ ಇತ್ತು.

ಒಂದೇ ವಿಷಯದಲ್ಲಿ ಅವಳ ಬಾಯಿಗೆ ಬೀಗ. ಯಾರು ಪಿಗ್ಮಿಗೆ ಎಷ್ಟು ಕಟ್ಟುತ್ತಾರೆ, ಯಾರು ತಪ್ಪಿಸಿದರು, ಯಾರು ಅವಧಿಗೆ ಮುಂಚೆಯೇ ಮುರಿದರು ಎಂಬುದನ್ನು ಒಂದು ಅಂಗಡಿಯದ್ದು ಇನ್ನೊಂದು ಅಂಗಡಿಯಲ್ಲಿ ಅವಳು ಉಸುರಿದ್ದಿಲ್ಲ. ಆ ಗುಟ್ಟು ಉಳಿಸುತ್ತಾಳೆಂದೇ ಪೇಟೆ ಅವಳ ಕೈಗೆ ದುಡ್ಡು ಕೊಡುತ್ತಿದ್ದದ್ದು. ಬೇಕರಿಯ ಅಲೆಕ್ಸ್, ಎದುರು ಬೇಕರಿಯ ಸ್ಯಾಮ್ಸನ್ ದಿನಕ್ಕೆಷ್ಟು ಕಟ್ಟುತ್ತಾನೆಂದು ತಿಳಿಯಲಿಕ್ಕೆ ಇಪ್ಪತ್ತು ವರ್ಷಗಳಿಂದ ಅವಳಿಗೆ ಪಫ್ಸ್ ತಿನ್ನಿಸುತ್ತ ಬಂದಿದ್ದ. ಅವಳು ಪಫ್ಸ್ ತಿನ್ನುತ್ತಿದ್ದಳು, ಬಾಯಿ ಒರೆಸಿಕೊಳ್ಳುತ್ತಿದ್ದಳು, ಹೊರಡುತ್ತಿದ್ದಳು.

ಶೇರಿನ ಹುಚ್ಚು ಹತ್ತಿಸಿದ್ದು ತಂಗಿಯ ಮಗಳು ಪ್ರಣೀತಾ. ಮಣಿಪಾಲದ ಆಫೀಸೊಂದರಲ್ಲಿ ಅವಳಿಗೆ ಕೆಲಸ, ಅಲ್ಲಿ ಊಟದ ಹೊತ್ತಿಗೆ ಎಲ್ಲರೂ ಅನ್ನಕ್ಕಿಂತ ಹೆಚ್ಚು ಫೋನನ್ನೇ ನೋಡುವವರು. ದೊಡ್ಡಮ್ಮನ ಫೋನಿಗೂ ಒಂದು ಆ್ಯಪ್ ಹಾಕಿಕೊಟ್ಟಳು. ಕಂಪೆನಿಯ ಹೆಸರು ‘ಕಡಲಶಕ್ತಿ ಎನರ್ಜಿ ಸ್ಟೋರೇಜ್’. ಹಗಲು ಬಿಸಿಲಿನ ಕರೆಂಟನ್ನು ಲಾರಿಯಷ್ಟು ದೊಡ್ಡ ಬ್ಯಾಟರಿಯಲ್ಲಿ ತುಂಬಿಸಿಟ್ಟು ಸಂಜೆ ಮೇಲೆ ಮಾರುವುದಂತೆ. ಬ್ಯಾಟರಿ ಮಾಡುವುದು ಉಪ್ಪಿನಿಂದಂತೆ. ಪ್ಲಾಂಟು ಬರುವುದೆಲ್ಲಿ? ಇಲ್ಲೇ, ಎರ್ಮಾಳಿನಿಂದ ಒಳಗೆ, ಮುರಕಲ್ಲಿನ ಬೋಳು ಬಯಲಿನಲ್ಲಿ! ಕುಶಲಕ್ಕನಿಗೆ ಅಷ್ಟು ಸಾಕಾಯಿತು. ಉಪ್ಪು, ಬಿಸಿಲು ಎರಡೂ ನಮ್ಮಲ್ಲಿ ಬೇಡ ಬೇಡವೆಂದರೂ ಉಂಟು. ನೂರು ಶೇರು ತೆಗೆದುಕೊಂಡಳು. ತೆಗೆದುಕೊಂಡು ಸುಮ್ಮನಿದ್ದರೆ ಅವಳು ಕುಶಲಕ್ಕ ಹೇಗಾಗುತ್ತಾಳೆ?

“ಒಂದು ಶೇರಿಗೆ ಎರಡು ಮಸಾಲೆ ದೋಸೆಯ ದುಡ್ಡು ಮಾರಾಯ್ರೇ. ನಮ್ಮೂರಿನ ಕಂಪೆನಿ. ಆಮೇಲೆ ಕುಶಲಕ್ಕ ಹೇಳಲಿಲ್ಲ ಅನ್ಬೇಡಿ.”

ಅಲೆಕ್ಸ್ ತೆಗೆದುಕೊಂಡ. ಅಲೆಕ್ಸ್ ತೆಗೆದುಕೊಂಡನೆಂದು ಸ್ಯಾಮ್ಸನ್ ತೆಗೆದುಕೊಂಡ. ಚಪ್ಪಲಿ ಅಂಗಡಿ, ಮೆಡಿಕಲ್, ಟೈಲರ್, ಹೀಗೆ ಸಾಲಾಗಿ ಎಲ್ಲರೂ ಬಿದ್ದರು. ಕರುಣಾಕರ ಒಬ್ಬನೇ ಮೂಗು ಮುರಿದ. “ನಮ್ಮ ಪ್ಲಾಂಟಿನಲ್ಲಿಯೂ ಸ್ಟೋರೇಜೇ. ಬೆಳಿಗ್ಗೆ ಐಸು, ಸಂಜೆಗೆ ನೀರು,” ಎಂದು ಹೇಳಿ ಮಗ್ಗುಲು ಬದಲಿಸಿದ.

ಎರಡು ಮಳೆಗಾಲ ಕಳೆಯಿತು. ಮೂರು ತಿಂಗಳಿಗೊಮ್ಮೆ ಕಂಪೆನಿ ಒಂದು ಪ್ರಕಟಣೆ ಹೊರಡಿಸುತ್ತಿತ್ತು: ಕಾಮಗಾರಿ ನಿಗದಿಯಂತೆ ಪ್ರಗತಿಯಲ್ಲಿದೆ. ಯಾರು ನಿಗದಿ ಮಾಡಿದ್ದು, ಯಾವಾಗಿಗೆ ಎಂದು ಕೇಳಲಿಕ್ಕೆ ಕಂಪೆನಿಗೆ ಮುಖವಿಲ್ಲ. ಮುಖವಿದ್ದದ್ದು ಕುಶಲಕ್ಕನಿಗೆ. ಹಾಗಾಗಿ ಎಲ್ಲ ಅಂಗಡಿಯಲ್ಲೂ, ಎಲ್ಲ ದಿನವೂ ಅವಳಿಗೊಂದೇ ಪ್ರಶ್ನೆ: “ಕುಶಲಕ್ಕ, ಬ್ಯಾಟರಿ ಎಂತ ಆಯ್ತು?”

“ಮೆಷಿನು ಜರ್ಮನಿಯಿಂದ ಹಡಗಿನಲ್ಲಿ ಬರ್ತಾ ಉಂಟು,” ಎಂದು ಅವಳು ಕಟ್ಟುಕತೆ ಹೇಳಿದಳು. ಪಾಪ, ಆ ಹಡಗು ಒಂದಿಡೀ ಮಳೆಗಾಲ ಸಮುದ್ರದಲ್ಲೇ ಉಳಿಯಿತು. ಕೊನೆಗೊಂದು ದಿನ ಚಪ್ಪಲಿ ಅಂಗಡಿಯವನು ಗಲ್ಲಾಪೆಟ್ಟಿಗೆ ಮುಚ್ಚಿಬಿಟ್ಟ. “ಇವತ್ತು ಪಿಗ್ಮಿ ಬೇಡ. ಬ್ಯಾಟರಿ ಬಂದ ಮೇಲೆ ನೋಡುವ.”

ಆಗ ಕುಶಲಕ್ಕನಿಗೆ ನಿಜಕ್ಕೂ ಹೆದರಿಕೆಯಾಯಿತು. ಶೇರು ಹೋದರೆ ಹೋಗಲಿ. ಅವಳ ಮಾತಿನ ಮೇಲೆ ನಂಬಿಕೆ ಹೋದರೆ ಒಂದೊಂದೇ ಗಲ್ಲಾಪೆಟ್ಟಿಗೆ ಹೀಗೆ ಮುಚ್ಚುತ್ತ ಹೋಗುತ್ತದೆ, ಐವತ್ತು ದಾಟಿದ ಮೇಲೆ ಇನ್ನು ಯಾವ ಚೀಲ ಹೊರುವುದು? ಮರುದಿನವೇ ಸ್ಕೂಟಿಯನ್ನು ಎರ್ಮಾಳಿಗೆ ತಿರುಗಿಸಿದಳು. ಇವತ್ತು ಆ ಕಂಪೆನಿಯವರ ನೀರಿಳಿಸದೆ ಬರುವುದಿಲ್ಲ ಎಂದು ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋದಳು.

ಹೋಗಿ ನೋಡಿದರೆ ಬೈಯಲಿಕ್ಕೂ ಸರಿಯಾದ ಜನ ಇಲ್ಲ. ಬೇಲಿ, ಬೋರ್ಡು, ತಗಡಿನ ಶೆಡ್ಡು. ಗೇಟಿನಲ್ಲಿ ವಾಚ್‌ಮನ್ ಸ್ಟ್ಯಾನಿಸ್ಲಾಸ್, ಹೆಜಮಾಡಿಯವರು, ಬಹ್ರೇನಿನಲ್ಲಿ ದುಡಿದು ಬಂದು ಈಗ ಸೆಕ್ಯೂರಿಟಿ ಏಜೆನ್ಸಿಯ ಕೆಲಸಕ್ಕಿದ್ದವರು. ಶೆಡ್ಡಿನೊಳಗೆ ಹಿರಿಯಡ್ಕದ ಹುಡುಗ ಸುಕೇಶ್, ಸೈಟ್ ಇಂಜಿನಿಯರ್. “ಕೂತ್ಕೊಳ್ಳಿ ಅಕ್ಕ, ಬಿಸಿಲಲ್ಲಿ ಬಂದಿದ್ದೀರಿ,” ಎಂದು ಕುರ್ಚಿ ಎಳೆದು ನೀರು ಕೊಟ್ಟ. ನೀರು ಕೊಟ್ಟವನನ್ನು ಬೈಯುವುದು ಹೇಗೆ? ಊಟ ಎಲ್ಲಿ, ಮನೆಯಲ್ಲಿ ಯಾರುಂಟು, ಮದುವೆ ಯಾವಾಗ ಎಂದು ಕೇಳುತ್ತ ಕೇಳುತ್ತ ಮಾತು ಉಳಿತಾಯಕ್ಕೆ ಬಂತು. ಜಗಳಕ್ಕೆಂದು ಹೋದವಳು ಇಂಜಿನಿಯರನ ಪಿಗ್ಮಿ ಖಾತೆ ಮಾಡಿಸಿಕೊಂಡು ಹಿಂದೆ ಬಂದಳು. ಬರುವಾಗ ಗೇಟಿನಲ್ಲಿ ಸ್ಟ್ಯಾನಿಸ್ಲಾಸರದ್ದೂ ಒಂದು ಆಯಿತು.

ಈಗ ಅವಳಿಗೆ ದಿನಾ ಪ್ಲಾಂಟಿಗೆ ಹೋಗಲು ನೆಪ ಸಿಕ್ಕಿತು, ಪೇಟೆಗೆ ದಿನಾ ಸುದ್ದಿ ಸಿಕ್ಕಿತು.

“ಇವತ್ತು ಜೆಸಿಬಿ ಬಂತು!”

“ಇವತ್ತು ಜೆಸಿಬಿ ಹೋಯಿತು.”

“ಹೋದದ್ದು ಯಾಕೆ?”

“ಡೀಸೆಲ್ ಬೇಡ್ವಾ ಅದಕ್ಕೆ?”

ಒಂದು ದಿನ ದೊಡ್ಡ ಕಂಟೈನರೊಂದು ಬಂದಿಳಿಯಿತು. ಕುಶಲಕ್ಕ ಫೋಟೋ ಹೊಡೆದು ತಂದಳು. ಅಲೆಕ್ಸ್ ಕೇಕ್ ಹಂಚಿದ. ಸ್ಯಾಮ್ಸನ್ನಿನ ಗಿರಾಕಿಗಳನ್ನೂ ಕರೆದು ಕರೆದು ಕೊಟ್ಟ. ಚಪ್ಪಲಿ ಅಂಗಡಿಯ ಗಲ್ಲಾಪೆಟ್ಟಿಗೆ ತೆರೆಯಿತು. ಕಂಟೈನರಿನ ಒಳಗಿದ್ದದ್ದು ಬರೀ ಪ್ಲಾಸ್ಟಿಕ್ ಕುರ್ಚಿಗಳು, ಯಾವುದೋ ಮಂತ್ರಿ ಬರುವ ದಿನಕ್ಕೆಂದು ತಂದಿಟ್ಟವು. ಅದನ್ನು ಅವಳು ಪೇಟೆಗೆ ತರಲಿಲ್ಲ. ಎರ್ಮಾಳಿನಲ್ಲಿ ಸ್ಟ್ಯಾನಿಸ್ಲಾಸರೊಡನೆ ಕೊಚ್ಚಿಕೊಳ್ಳುವುದನ್ನೂ ಬಿಡಲಿಲ್ಲ: “ನಿಮ್ಮ ಕಂಪೆನಿಯ ಶೇರನ್ನು ಇಡೀ ಕಾಪುವೇ ಹಿಡಿದುಕೊಂಡುಂಟು, ಗೊತ್ತುಂಟಾ?” ಅವರು ಹೌದಾ ಎಂದು ಬಾಯಿ ತೆರೆದು ಕೇಳುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಒಂದು ಮಂಗಳವಾರ ಸುಕೇಶ್ ಅವಳನ್ನು ಶೆಡ್ಡಿನೊಳಗೆ ಕರೆದ. “ಅಕ್ಕ, ನನ್ನ ಪಿಗ್ಮಿ ಕ್ಲೋಸ್ ಮಾಡಿ ಕೊಡಿ.”

“ಎಂತ ಮಾರಾಯ, ಈಗ ಮುರಿದರೆ ಬಡ್ಡಿ ಸಿಗ್ಲಿಕ್ಕಿಲ್ಲ. ಮದುವೆ ನಿಗದಿಯಾಯ್ತಾ?”

“ಮದುವೆ ಎಂತದ್ದು! ನಾಲ್ಕು ತಿಂಗಳಿಂದ ಸಂಬಳ ಇಲ್ಲ. ಕಂಪೆನಿಯಲ್ಲಿ ದುಡ್ಡೇ ಇಲ್ಲ ಅಕ್ಕ, ಇಲ್ಲಿ ಇನ್ನು ಎಂತದ್ದೂ ಬರ್ಲಿಕ್ಕಿಲ್ಲ. ನಾನು ಊರಿಗೆ ಹೋಗ್ತೇನೆ. ಕೇಳಿದವರಿಗೆ ಪುಣೆಗೆ ಟ್ರೈನಿಂಗ್ ಅಂತ ಹೇಳ್ಲಿಕ್ಕೆ ಹೇಳಿದ್ದಾರೆ. ನೀವು ಯಾರ ಹತ್ರವೂ ಹೇಳ್ಬೇಡಿ. ಸುದ್ದಿ ನನ್ನಿಂದ ಹೋಯ್ತು ಅಂತ ಗೊತ್ತಾದ್ರೆ ಬಾಕಿ ಸಂಬಳವನ್ನೂ ಕೊಡ್ಲಿಕ್ಕಿಲ್ಲ.”

“ಪಿಗ್ಮಿಯ ವಿಷಯ ನಾನು ಹೇಳುವುದುಂಟಾ?” ಎಂದಳು ಕುಶಲಕ್ಕ. ಬಾಯಿ ಬಿಟ್ಟರೆ ಈ ಹುಡುಗನ ಸಂಬಳ ಹೋಯಿತು. ಬಿಡದಿದ್ದರೆ ಅಲ್ಲಿ ಇಡೀ ಪೇಟೆ ಮುಳುಗಿತು. ಥೂ, ಎಂಥ ಬದುಕು!

ದಾರಿಯಲ್ಲಿ ಸ್ಕೂಟಿ ನಿಲ್ಲಿಸಿ ಪ್ರಣೀತಾಳಿಗೆ ಫೋನ್ ಮಾಡಿದಳು. ನಮ್ಮ ಕಡಲಶಕ್ತಿಯ ರೇಟು ಇವತ್ತು ಎಷ್ಟುಂಟು ಎಂದು ಕೇಳಿದಳು.

“ಮೇಲೆ ಹೋಗಿದೆ ದೊಡ್ಡಮ್ಮ! ಎಂತದೋ ಒಪ್ಪಂದ ಆಗಿದೆಯಂತೆ. ಮಾರುವುದಾದ್ರೆ ಈಗ್ಲೇ ಮಾರಿ.”

“ಮಾರಿದ್ರೆ ಅದನ್ನು ತೆಗೆದುಕೊಳ್ಳುವುದು ಯಾರು?”

“ಯಾರೋ ಒಬ್ರು. ನಮಗೆ ಮುಖ ಕಾಣುವುದಿಲ್ವಲ್ಲ, ನಿಮಗೆಂತಕ್ಕೆ ಅದು?”

ಕುಶಲಕ್ಕ ಹೆಗಲ ಚೀಲ ಮುಟ್ಟಿಕೊಂಡಳು. ಚೀಲದೊಳಗಿನ ದುಡ್ಡು ಕೈಗೆಟಕುತ್ತದೆಂದು ಅವಳದಾಗುವುದಿಲ್ಲ. ಪಿಗ್ಮಿ ಎತ್ತಲು ಹೋದಲ್ಲಿ ಸಿಕ್ಕಿದ ಸುದ್ದಿಯೂ ಹಾಗೆಯೇ ಅಲ್ಲವೇ? “ಬೇಡ, ಬಿಡು,” ಎಂದು ಫೋನ್ ಇಟ್ಟಳು. ಇಟ್ಟ ಮರುಕ್ಷಣ ತನ್ನ ಪೆದ್ದುತನಕ್ಕೆ ತಾನೇ ನಾಲ್ಕು ಬೈದುಕೊಂಡಳು. ಹೊಸ ಸ್ಕೂಟಿಯ ಆಸೆ ಅಲ್ಲಿಗೆ ಮುಗಿಯಿತು.

ಬುಧವಾರ ಬೆಳಿಗ್ಗೆ ಪೇಟೆಗೆ ಬಂದಾಗ ಅವಳ ಹತ್ತಿರ ಸುದ್ದಿಯೇ ಇರಲಿಲ್ಲ. ಚಪ್ಪಲಿ ಅಂಗಡಿಯಲ್ಲಿ “ಬ್ಯಾಟರಿ?” ಎಂದರು. “ಗೊತ್ತಿಲ್ಲ,” ಎಂದಳು. ಟೈಲರ್ ಕತ್ತರಿ ಕೆಳಗಿಟ್ಟು ಅವಳ ಮುಖ ನೋಡಿದ. ಕುಶಲಕ್ಕನ ಬಾಯಿಂದ ಗೊತ್ತಿಲ್ಲ ಎಂಬ ಮಾತು ಯಾರೂ ಕೇಳಿದ್ದಿಲ್ಲ. ಮೆಡಿಕಲ್‌ನವರು ಜ್ವರವಿರಬೇಕೆಂದು ಒಂದು ಮಾತ್ರೆ ಪುಕ್ಕಟೆಯಾಗಿ ಕೊಟ್ಟರು.

ಅಲೆಕ್ಸನ ಬೇಕರಿಯಲ್ಲಿ ಎಂದಿನಂತೆ ಪಫ್ಸ್ ಮುಂದೆ ಬಂತು. “ಕುಶಲಕ್ಕ, ಬ್ಯಾಟರಿ ಎಂತ ಆಯ್ತು?”

“ಇವತ್ತಿನದ್ದು ಕೊಡಿ ಅಲೆಕ್ಸಣ್ಣ, ನನಗೆ ತಡವಾಯಿತು.”

“ಜೆಸಿಬಿ ಉಂಟಾ ಅಲ್ಲಿ?”

ಅವಳು ಮೆಷಿನ್ನಿನ ಗುಂಡಿ ಒತ್ತುತ್ತಿದ್ದಳು.

“ಆ ಇಂಜಿನಿಯರ್ ಹುಡುಗ? ಅವನ ಪಿಗ್ಮಿ ಸರಿ ಬರ್ತಾ ಉಂಟಾ?”

ಅವಳು ಪಫ್ಸನ್ನೂ ಮುಟ್ಟಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಅಲೆಕ್ಸ್ ಅವಳನ್ನು ನೋಡಿದ. ರಸ್ತೆಯಾಚೆ ಸ್ಯಾಮ್ಸನ್ನಿನ ಬೇಕರಿಯನ್ನು ನೋಡಿದ. ಮತ್ತೆ ಅವಳನ್ನು ನೋಡಿದ. ಇಪ್ಪತ್ತು ವರ್ಷಗಳಿಂದ ಸ್ಯಾಮ್ಸನ್ನಿನ ಲೆಕ್ಕ ಕೇಳಿದಾಗಲೆಲ್ಲ ಈ ಬಾಯಿ ಮುಚ್ಚಿಕೊಳ್ಳುತ್ತಿದ್ದದ್ದು ಹೀಗೆಯೇ. ಅವಳ ಈ ಮುಖ ಅವನಿಗೆ ಬಾಯಿಪಾಠ.

“ಹಾಗಾ...” ಎಂದ. ಹಣ ಕೊಟ್ಟು, ಚೀಟಿಯನ್ನೂ ತೆಗೆದುಕೊಳ್ಳದೆ ಫೋನ್ ಹಿಡಿದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ರಸ್ತೆ ದಾಟಿ, ಹುಟ್ಟಿದಾರಭ್ಯ ಕಾಲಿಡದ ಸ್ಯಾಮ್ಸನ್ನಿನ ಅಂಗಡಿಯ ಮೆಟ್ಟಿಲನ್ನೂ ಹತ್ತಿದ. ಮಧ್ಯಾಹ್ನದೊಳಗೆ ಪೇಟೆಯಲ್ಲಿ ಗಿರಾಕಿ ಕರೆದರೂ ಕೇಳುವವರಿರಲಿಲ್ಲ, ಎಲ್ಲರೂ ಫೋನ್ ಒತ್ತುತ್ತಿದ್ದರು.

ಮರುದಿನ ಯಾರೂ ಬ್ಯಾಟರಿಯ ಮಾತೆತ್ತಲಿಲ್ಲ. ಚಪ್ಪಲಿ ಅಂಗಡಿಯವನು ಕೇಳದೆಯೇ ಹಣ ಕೊಟ್ಟ. ಅಲೆಕ್ಸ್ ಒಂದು ಇಡೀ ಪ್ಲಮ್ ಕೇಕನ್ನು ಕಾಗದದಲ್ಲಿ ಸುತ್ತಿ ಅವಳ ಚೀಲದಲ್ಲಿಟ್ಟು, ದನಿ ತಗ್ಗಿಸಿ ಕೇಳಿದ: “ನಿಮ್ಮದೂ ಮಾರಿದ್ರಿ ಅಲ್ವಾ?”

“ಮಾರಿದೆ, ಮಾರಿದೆ,” ಎಂದಳು. ಸುಳ್ಳು ಅವಳಿಗೆ ಹೊಸತಲ್ಲ. ದುಡ್ಡು ಹೋಗುವುದಕ್ಕೆ ಹೊಟ್ಟೆ ಉರಿಯುತ್ತಿತ್ತು, ಪೇಟೆ ಉಳಿಯಿತೆಂದು ಜೀವ ತಣ್ಣಗೂ ಆಗಿತ್ತು. ಮನೆಯಲ್ಲಿ ಕರುಣಾಕರ ಎರಡು ತುಂಡು ಕೇಕ್ ತಿಂದು ಏನು ವಿಶೇಷವೆಂದು ಕೇಳಿದ. ಐಸು ನೀರಾಯಿತು ಎಂದಳು. ಅವನು ಮೂರನೆಯ ತುಂಡಿಗೆ ಕೈಹಾಕಿದ.

ಎರಡು ದಿನ ತಪ್ಪಿಸಿದ ಮೇಲೆ ಶುಕ್ರವಾರ ಬೆಳಿಗ್ಗೆ ಎರ್ಮಾಳಿಗೆ ಹೋದಳು. ಅಲ್ಲಿ ಈಗ ಉಳಿದಿದ್ದದ್ದು ಸ್ಟ್ಯಾನಿಸ್ಲಾಸರ ಹತ್ತು ರೂಪಾಯಿಯ ಪಿಗ್ಮಿ ಒಂದೇ. ಅವರು ಗೇಟಿನ ಬಳಿಯೇ ಕಾದಿದ್ದರು, ಮುಖವೆಲ್ಲ ನಗು.

“ಸುಕೇಶ್ ಸರ್ ಪುಣೆಗೆ ಟ್ರೈನಿಂಗಿಗೆ ಹೋದ್ರು ಅಕ್ಕ. ಇನ್ನು ಕೆಲಸ ಜೋರು ಅಂತ ಕಾಣ್ತದೆ. ಕಾಪುವಿನಲ್ಲಿ ಎಂತ ಸುದ್ದಿ?” ಎಂದು ಫೋನ್ ತೆಗೆದು ಅವಳ ಮುಂದೆ ಹಿಡಿದರು. “ಇದು ನೋಡಿ. ನಮ್ಮ ಕಂಪೆನಿಯ ಶೇರು, ಬುಧವಾರ ತೆಗೆದದ್ದು. ಮಗಳು ಬೇಡ ಬೇಡ ಅಂದ್ಳು, ನಾನೇ ಜೋರು ಮಾಡಿ ತೆಗೆಸಿದೆ. ಬಹ್ರೇನಿನ ದುಡ್ಡು ಸುಮ್ಮನೆ ಬ್ಯಾಂಕಿನಲ್ಲಿ ಬಿದ್ದಿತ್ತು. ಇಡೀ ಕಾಪು ಹಿಡಿದುಕೊಂಡುಂಟು ಅಂತ ನೀವು ದಿನಾ ಹೇಳ್ತಿದ್ರಿ ಅಲ್ವಾ?”

ಕುಶಲಕ್ಕ ಆ ಫೋನನ್ನು ನೋಡಿದಳು, ಆಮೇಲೆ ಅವರ ಮುಖವನ್ನು. ಪ್ರಣೀತಾ ಕಾಣುವುದಿಲ್ಲ ಎಂದಿದ್ದ ಮುಖ ಎದುರಿಗೇ ನಿಂತು ನಗುತ್ತಿತ್ತು.

“ಇವತ್ತಿನದ್ದು ಕೊಡಿ,” ಎಂದಳು. ಮೆಷಿನ್ನಿನ ಗುಂಡಿ ಒತ್ತಿದಳು. ಅಲೆಕ್ಸನಾಗಿದ್ದರೆ ಅಷ್ಟರಲ್ಲೇ ಒಳಗೆ ಓಡುತ್ತಿದ್ದ. ಸ್ಟ್ಯಾನಿಸ್ಲಾಸ್ ಖುಷಿಯಿಂದ ಹತ್ತು ರೂಪಾಯಿ ಕೊಟ್ಟು, ಚೀಟಿ ಮಡಚಿ ಕಿಸೆಗಿಟ್ಟು, “ಬಿಸಿಲಲ್ಲಿ ನಿಧಾನ ಹೋಗಿ ಅಕ್ಕ,” ಎಂದರು.

ಅವಳು ಸ್ಕೂಟಿ ಸ್ಟಾರ್ಟ್ ಮಾಡಿದಳು. ಬೇಲಿಯ ಕೊನೆಯ ತನಕ ಹೋಗಿ ನಿಲ್ಲಿಸಿದಳು. ಸುಕೇಶನಿಗೆ ಕೊಟ್ಟ ಮಾತು ನೆನಪಾಯಿತು, ಅವನ ಬಾಕಿ ಸಂಬಳ ನೆನಪಾಯಿತು. ಹಾಳಾಗಿ ಹೋಗಲಿ, ಎಂದು ಜೋರಾಗಿಯೇ ಹೇಳಿ ಕೀ ತಿರುಗಿಸಿ ಇಳಿದುಬಂದಳು.

“ಸ್ಟ್ಯಾನಿಯಣ್ಣ, ಮೊದಲು ಮಗಳಿಗೆ ಫೋನ್ ಮಾಡಿ,” ಎಂದಳು. “ಅವಳು ಎತ್ತುವುದರೊಳಗೆ ನಿಮಗೆ ಸುಕೇಶನ ಪಿಗ್ಮಿಯ ವಿಷಯ ಹೇಳ್ತೇನೆ.”