ಅಗಲ ಮಾಡಿದ ಮಗ್ಗದ ಶಾಫ್ಟು

ಎಂಜಿನಿಯರಿಂಗ್ ಮುಗಿದು ಕೆಲಸ ಸಿಗುವವರೆಗಿನ ಎಂಟು ತಿಂಗಳು ನಾನು ಜಮಖಂಡಿಯಲ್ಲಿ ಅಪ್ಪನ ಲೇತ್ ಅಂಗಡಿಯಲ್ಲಿದ್ದೆ. ಈಗ ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರಭಾಗಗಳ ನಕ್ಷೆ ನೋಡುವುದು ನನ್ನ ಕೆಲಸ. ಕೈಗೆ ಎಣ್ಣೆ ಹತ್ತುವುದಿಲ್ಲ. ಆದರೂ ಉದ್ದನೆಯ ಶಾಫ್ಟಿನ ನಕ್ಷೆ ಮೇಜಿಗೆ ಬಂದಾಗಲೆಲ್ಲ ಆ ಅಂಗಡಿಯ ವಾಸನೆ ನೆನಪಾಗುತ್ತದೆ. ಬಿಸಿ ಕಬ್ಬಿಣದ ಮೇಲೆ ಬಿದ್ದ ಎಣ್ಣೆ, ತಿರುಗುವ ಶಾಫ್ಟಿಗೆ ಉಜ್ಜಿ ಕಂದಿದ ಜಾಲಿಕಟ್ಟಿಗೆ, ಹನ್ನೊಂದು ಗಂಟೆಯ ಚಹಾ.

ಅಪ್ಪನ ಲೇತ್ ಮಾಮೂಲಿಗಿಂತ ಉದ್ದವಾಗಿತ್ತು. ಅದಕ್ಕೇ ರಬಕವಿ, ಬನಹಟ್ಟಿಯವರು ಉದ್ದದ ಕೆಲಸ ಇದ್ದರೆ ನಮ್ಮಲ್ಲಿಗೆ ಬರುತ್ತಿದ್ದರು. ಗಿಡ್ಡ ಶಾಫ್ಟನ್ನು ಯಾರಾದರೂ ಕೊರೆದುಕೊಡುತ್ತಾರೆ. ಉದ್ದನೆಯದಕ್ಕೆ ಎರಡೂ ತುದಿ ಗಟ್ಟಿ ಹಿಡಿದರೂ ನಡುವೆ ಅದು ಅದುರುತ್ತದೆ, ಉಳಿ ತಾಗಿದರೆ ಆಚೆ ಸರಿಯುತ್ತದೆ. ಅಪ್ಪ ಜಾಲಿಕಟ್ಟಿಗೆಯ ತುಂಡುಗಳನ್ನು ಆನಿಸಿ ಅದರ ನಡು ಹಿಡಿಯುತ್ತಿದ್ದ. "ಉದ್ದಂದು ಎಳಿ ಕೂಸಿದ್ದಂಗ. ಬರೇ ಕೈಕಾಲು ಹಿಡದ್ರ ಆಗಂಗಿಲ್ಲ, ನಡಾ ಹಿಡೀಬೇಕು" ಅನ್ನುತ್ತಿದ್ದ. ಇಷ್ಟು ಬಿಟ್ಟರೆ ಕೆಲಸದ ಹೊತ್ತಿನಲ್ಲಿ ಅವನು ಮಾತಾಡಿದ್ದು ಕಡಿಮೆ. ನಾನೂ ಹಾಗೆಯೇ. ಇಬ್ಬರಿಗೂ ಅದು ಅನುಕೂಲವಾಗಿತ್ತು.

ಒಂದು ಸೋಮವಾರ ಬನಹಟ್ಟಿಯಿಂದ ಒಬ್ಬ ನೇಕಾರ ಹೆಂಗಸು ಟಂಟಂ ಆಟೋದಲ್ಲಿ ಹಳೆಯ ಶಾಫ್ಟೊಂದನ್ನು ಹಾಕಿಕೊಂಡು ಬಂದಳು. ಅವಳಿಗೆ ನಾಲ್ಕು ಪವರ್‌ಲೂಮ್. ಸೀರೆಗೆ ಕೇಳುವವರಿಲ್ಲದೆ ಎರಡು ನಿಂತಿದ್ದವು. ನಿಂತ ಮಗ್ಗಗಳಲ್ಲಿ ಒಂದರ ಚೌಕಟ್ಟನ್ನು ಅಗಲ ಮಾಡಿಸಿದ್ದಳು, ಚಾದರ ನೇಯಲಿಕ್ಕೆ. ಮಗ್ಗ ಅಗಲವಾಯಿತು, ಕೆಳಗಿನ ಶಾಫ್ಟು ಒಂದೂವರೆ ಅಡಿ ಕಡಿಮೆ ಬಿತ್ತು. ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ, ಹೊಸದಾಗಿ ಮಾಡಬೇಕು.

"ಶುಕ್ರವಾರ ವ್ಯಾಪಾರಿ ಬರ್ತಾನ್ರಿ ಅಣ್ಣಾರ, ನಮೂನಿ ನೋಡಾಕ. ಪಸಂದ ಬಂತಂದ್ರ ನಾಕೂ ಮಗ್ಗಕ್ಕ ವರ್ಷದ ಕೆಲಸ. ಇಲ್ಲಂದ್ರ ಬ್ಯಾರೆ ಊರಿಗೆ ಹೊಕ್ಕಾನ, ನನ್ನ ಸಲುವಾಗಿ ಕುಂದ್ರಂಗಿಲ್ಲ" ಅಂದಳು.

ಅಪ್ಪನ ರೀತಿ ಗೊತ್ತಿದ್ದದ್ದೇ. ದಪ್ಪನೆಯ ಕರಿ ಸಳಿ, ಅಂದರೆ ಕಬ್ಬಿಣದ ಸರಳು, ತಂದು, ಏಳೂವರೆ ಅಡಿಯನ್ನೂ ಸ್ವಲ್ಪ ಸ್ವಲ್ಪವೇ ಕೊರೆದು ಒಂದೂವರೆ ಇಂಚು ದಪ್ಪಕ್ಕೆ ಇಳಿಸುವುದು. ನಾಲ್ಕು ದಿನದ ಕೆಲಸ. ನಾನು ಬೇರೆ ದಾರಿ ಹೇಳಿದೆ. ಪೇಟೆಯಲ್ಲಿ ಅದೇ ಅಳತೆಯ, ಕಾರ್ಖಾನೆಯಲ್ಲೇ ನಯವಾಗಿ ಎಳೆದ ಬಿಳಿ ಸಳಿ ಸಿಗುತ್ತದೆ. ಬೇರಿಂಗ್ ಕೂರುವ ಎರಡು ತುದಿಯನ್ನಷ್ಟೇ ಕೊರೆದು, ಗೇರು ಜಾರದಂತೆ ಚಾವಿ ಎಂಬ ಕಬ್ಬಿಣದ ತುಂಡು ಕೂರಿಸುವ ತೋಡು ತೆಗೆದರೆ ಮುಗಿಯಿತು. ಮಗ್ಗದ ಅಗಲಕ್ಕೆ ತಕ್ಕಂತೆ ಗೇರನ್ನು ಸರಿಸಿ ನೋಡಬೇಕಾಗಿದ್ದರಿಂದ ತೋಡು ಒಂದಡಿ ಉದ್ದ. ಎರಡು ದಿನ ಸಾಕು. ಮುಟ್ಟುವ ಅಗತ್ಯವಿಲ್ಲದ್ದನ್ನು ಮುಟ್ಟದಿರುವುದೇ ಒಳ್ಳೆಯ ವಿಧಾನ ಎಂದು ಓದಿದ್ದೆ, ಈಗಲೂ ಅದನ್ನು ನಂಬುತ್ತೇನೆ.

ಅಪ್ಪ ಕೈ ಒರೆಸಿಕೊಂಡು, "ನೀನ ಮಾಡವಾ" ಅಂದ.

ಮಂಗಳವಾರ ತುದಿಗಳು ಆದವು. ಬುಧವಾರ ಮಧ್ಯಾಹ್ನ ತೋಡು ಆಯಿತು, ಅಂಚು ಚೂರಿಯಂತೆ ನೇರ. ಬಿಗಿದ ಬೋಲ್ಟು ಸಡಿಲಿಸಿದೆ. ಶಾಫ್ಟಿನ ತುದಿ ತಾನಾಗಿಯೇ ಸರಿದಂತಾಯಿತು. ಲೇತಿಗೆ ಏರಿಸಿ ಕೈಯಿಂದ ತಿರುಗಿಸಿದೆ. ಸೊಟ್ಟ ಅಳೆಯುವ ಡಯಲಿನ ಸೂಜಿ ಒಂದೂವರೆ ಮಿಲಿಮೀಟರ್ ಓಡಿತು, ಹಿಂದೆ ಬಂತು, ಮತ್ತೆ ಓಡಿತು.

ಕಾರಣ ಅಲ್ಲೇ ಹೊಳೆಯಿತು. ಹಾಗೆ ಎಳೆದು ಮಾಡಿದ ಸಳಿಯ ಮೇಲ್ಮೈ ಹಲಗೆ ವಾದ್ಯದ ಚರ್ಮದಂತೆ ಸುತ್ತಲೂ ಬಿಗಿದಿರುತ್ತದೆ. ಒಂದು ಬದಿ ಕತ್ತರಿಸಿದರೆ ಎದುರಿನ ಬದಿಯ ಬಿಗಿತ ಗೆಲ್ಲುತ್ತದೆ, ಸಳಿ ಬಾಗುತ್ತದೆ. ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ.

ಪಕ್ಕದ ವೆಲ್ಡಿಂಗ್ ಅಂಗಡಿಯವನು ಬಾಗಿಲಲ್ಲಿ ಬಂದು ನಿಂತ. "ಏನವಾ ಎಂಜಿನಿಯರ್ರ, ಬಿಲ್ಲು ಮಾಡೀರಿ, ಬಾಣ ಎಲ್ಲೈತಿ?"

"ನೀ ಮಾಡಿದ ಗೇಟು ಮುಚ್ಚಾಕ ಬರ್ತಾವೇನು ನೋಡ್ಹೋಗಲೇ" ಅಂದ ಅಪ್ಪ, ತಲೆ ಎತ್ತದೆ.

ಆಮೇಲೆ ತಾನೇ ಶಾಫ್ಟು ತಿರುಗಿಸಿ ಸೂಜಿ ಓದಿದ, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು. ಹೊಸ ಸಳಿ ತಂದು ಮೊದಲಿಂದ ಮಾಡಿದರೆ ಶುಕ್ರವಾರ ಸಂಜೆಯಾಗುತ್ತದೆ, ವ್ಯಾಪಾರಿ ಬಂದು ಹೋಗಿರುತ್ತಾನೆ. ಅದು ಇಬ್ಬರಿಗೂ ತಿಳಿದಿತ್ತು.

ಗುರುವಾರ ಮುಂಜಾನೆ ನಾನು ಬರುವಷ್ಟರಲ್ಲಿ ಅಪ್ಪ ಶಾಫ್ಟು ತಿರುಗಿಸುತ್ತ, ಅಲುಗಾಡದಂತೆ ಸೀಮೆಸುಣ್ಣ ಹಿಡಿದಿದ್ದ. ಉಬ್ಬಿದ ಬದಿಗೆ ಬಿಳಿ ಗೆರೆ ಬಿತ್ತು. ಆ ಉಬ್ಬನ್ನು ಪ್ರೆಸ್ಸಿನಿಂದ ಒತ್ತುತ್ತಾನೆ ಅಂದುಕೊಂಡೆ. ಅಪ್ಪ ಉಬ್ಬನ್ನು ಕೆಳಗೆ ಮಾಡಿ ಕಟ್ಟಿಗೆಯ ದಿಮ್ಮಿಯ ಮೇಲೆ ಮಲಗಿಸಿದ. ದುಂಡು ಮೂತಿಯ ಪಂಚ್ ಹಿಡಿದು, ತಗ್ಗಾದ ಬದಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟತೊಡಗಿದ.

"ಉಬ್ಬು ಒತ್ತಿದ್ರ ಇವತ್ತು ಹೊಕ್ಕೈತಿ, ಮಗ್ಗಾ ಜಗ್ಗೂ ಹೊತ್ತಿಗೆ ಮತ್ತ ಬರ್ತೈತಿ. ತಗ್ಗಿನ ಮೈ ಹಿಗ್ಗಿಸಬೇಕು. ತಾನ ನೆಟ್ಟಗಾಕ್ಕೈತಿ."

ಅವನು ಹೇಳುತ್ತಿದ್ದದ್ದು ನನ್ನ ಪುಸ್ತಕದ ಮಾತೇ. ಪುಸ್ತಕದಲ್ಲಿ ಅದು ಬಾಣದ ಗುರುತು, ಗ್ರೀಕ್ ಅಕ್ಷರಗಳಲ್ಲಿತ್ತು. ಹತ್ತು ಪೆಟ್ಟಿಗೊಮ್ಮೆ ಇಬ್ಬರೂ ಎತ್ತಿ ಲೇತಿಗೆ ಕಟ್ಟುವುದು, ನಾನು ಸೂಜಿ ಓದಿ ಹೇಳುವುದು, ಮತ್ತೆ ಇಳಿಸುವುದು. ಆ ದಿನ ಅಪ್ಪ ಮಾತಾಡಿದ. ಬೀಳಗಿ ಕಡೆ ಕುರಿ ಕಾಯುತ್ತಿದ್ದ ಅಜ್ಜ ಕೋಲನ್ನು ಕೆಂಡಕ್ಕೆ ಹಿಡಿದು ನೇರ ಮಾಡುತ್ತಿದ್ದನಂತೆ. ಅಪ್ಪ ಹುಡುಗನಿದ್ದಾಗ ಅವಸರ ಮಾಡಿ ಒಂದು ಕೋಲು ಮುರಿದನಂತೆ. "ನಿಮ್ಮಜ್ಜ ಏನಂದಾ ಗೊತ್ತೇನ? ಮುರದದ್ದು ಕೊಡಿಲ್ಲೆ, ಚಹಾ ಕಾಸೂಣು ಅಂದಾ." ಸುತ್ತಿಗೆ ಹಿಡಿದೇ ನಕ್ಕ. ನಾನು ಅಜ್ಜನನ್ನು ನೋಡಿಲ್ಲ. ಅವನ ಬಗ್ಗೆ ನನಗೆ ಗೊತ್ತಿರುವ ಹೆಚ್ಚಿನ ಮಾತೆಲ್ಲ ಆ ಮುಂಜಾನೆಯದು.

ಹನ್ನೆರಡರ ಹೊತ್ತಿಗೆ ಸೂಜಿ ಹತ್ತು ಗೆರೆಯೊಳಗೆ ಬಂತು. ಮಿಲಿಮೀಟರಿನ ಹತ್ತನೇ ಒಂದು ಭಾಗ, ಮಗ್ಗಕ್ಕೆ ಸಾಕು. ಶಾಫ್ಟಿನ ಮೈಮೇಲೆ ಮಾತ್ರ ಸಿಡುಬಿನ ಕಲೆಯಂತೆ ಪೆಟ್ಟಿನ ಗುರುತುಗಳು ಉಳಿದವು.

"ಇದ್ದದ್ದು ಇದ್ದಂಗ ಆಕಿಗೆ ಹೇಳು" ಅಂದ ಅಪ್ಪ.

ಮಧ್ಯಾಹ್ನ ಟಂಟಂನಲ್ಲಿ ಬನಹಟ್ಟಿಗೆ ಒಯ್ದೆವು. ಅವಳ ಮನೆಯ ಮುಂದಿನ ಕೋಣೆಯಲ್ಲೇ ಮಗ್ಗಗಳು. ಹಾಸಿನ ನೂಲು ಏರಿಸಿ ಕಾಯುತ್ತಿದ್ದಳು. ನಾನು ಹೇಳಿದೆ: "ಅಕ್ಕಾರ, ನನ್ನ ತಪ್ಪಿನಿಂದ ಇದು ಬಾಗಿತ್ರಿ. ಬಡದು ನೆಟ್ಟಗ ಮಾಡೇವಿ. ಬ್ಯಾಡಂದ್ರ ಹೊಸಾದು ಮಾಡಿ ಕೊಡ್ತೇವಿ, ಆದ್ರ ನಾಡಿದ್ದು ಸಂಜಿ ಆಕ್ಕೈತ್ರಿ."

ಅವಳು ಗುರುತುಗಳ ಮೇಲೆ ಹೆಬ್ಬೆರಳು ಆಡಿಸಿದಳು. "ಇದಕ್ಕೇನು ಕನ್ಯಾ ತೋರಸೂದೈತೇನ ತಂಗಿ? ಮಗ್ಗದ ಬುಡಕ ಇರೂದು. ಅಳ್ಳಾಡಲಾರದಂಗ ತಿರಗಿದ್ರ ಸಾಕು. ಕೂಡಸ್ರಿ ಅಣ್ಣಾರ."

ಕೂರಿಸಿ, ಗೇರು ಸರಿಸಿ, ಬಿಗಿಯಲು ಎರಡು ತಾಸು ಹಿಡಿಯಿತು. ಸ್ವಿಚ್ ಹಾಕಿದಾಗ ನಾನು ಶಾಫ್ಟನ್ನೇ ನೋಡುತ್ತಿದ್ದೆ. ತಿರುಗುವಾಗ ಗುರುತುಗಳು ಕೂಡಿ ಒಂದು ಮಸುಕು ಪಟ್ಟಿಯಾಗಿ ಕಂಡವು. ಪಟ್ಟಿ ಅಲುಗಲಿಲ್ಲ. ಅವಳು ನಮ್ಮ ಕಡೆ ನೋಡಲಿಲ್ಲ, ಅವಳ ಕಣ್ಣು ಬಟ್ಟೆಯ ಅಂಚಿನ ಮೇಲಿತ್ತು. ಗೇಣುದ್ದ ಬಟ್ಟೆ ಬಂದ ಮೇಲೆ ಅಪ್ಪ ನನಗೆ ಹೊರಡೋಣ ಎಂದು ಸನ್ನೆ ಮಾಡಿದ.

ಶುಕ್ರವಾರ ಏನೂ ಸುದ್ದಿ ಬರಲಿಲ್ಲ. ಶನಿವಾರವೂ ಇಲ್ಲ. ಅಪ್ಪ ಕೇಳಲಿಲ್ಲ, ನಾನೂ ಫೋನ್ ಮಾಡಲಿಲ್ಲ. ಸೋಮವಾರ ಅವಳೇ ಮಾಡಿದಳು. ನಮೂನೆ ಒಪ್ಪಿಗೆಯಾಗಿತ್ತು. ಉಳಿದ ಮೂರು ಮಗ್ಗಗಳನ್ನೂ ಅಗಲ ಮಾಡಿಸುತ್ತಾಳಂತೆ, ಮೂರು ಶಾಫ್ಟು ಬೇಕು, ಎಷ್ಟು ದಿನ?

ಅಪ್ಪ ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದ. "ಎಷ್ಟು ದಿನಾ ಬೇಕವಾ?"

ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಅವನು ಯಾರಿಗೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಸ್ವಲ್ಪ ದಪ್ಪ ಸಳಿ ತಂದು, ಮೊದಲು ತೋಡು ತೆಗೆದು, ಅದು ಬಾಗುವಷ್ಟು ಬಾಗಿದ ಮೇಲೆ ಅಳತೆಗೆ ಕೊರೆಯುವುದು. ಮನಸ್ಸಿನಲ್ಲೇ ಲೆಕ್ಕ ಹಾಕಿ, ಹನ್ನೆರಡು ದಿನ ಅಂದೆ.

ಅಪ್ಪ ಅಂಗೈ ತೆಗೆದ. "ಹದಿನೈದು ದಿನಾರಿ" ಅಂದ ಫೋನಿಗೆ. "ನಮ್ಮ ಹುಡುಗಿ ಹೇಳ್ಯಾಳ."