ಮೂರು ಬಿದ್ದರೆ ನಾಲ್ಕು ಮನೆ

ಇವತ್ತು ಬೆಳಿಗ್ಗೆ ಗುರುಗ್ರಾಮಕ್ಕೆ ಹೋಗುವ ಮೆಟ್ರೋದಲ್ಲಿ ಸೀಟು ಸಿಕ್ಕಿಬಿಟ್ಟಿತು. ಆ ಖುಷಿಯಲ್ಲಿ ಫೋನು ತೆರೆದು, ಬಾಕಿ ಉಳಿದಿದ್ದ ಆಫೀಸಿನ ಕಡ್ಡಾಯ ತರಬೇತಿಗೆ ಕೈ ಹಾಕಿದೆ. ಹತ್ತು ಪ್ರಶ್ನೆ. ಒಂದನ್ನೂ ಓದಲಿಲ್ಲ, ಕಂಡದ್ದನ್ನು ಒತ್ತಿದೆ, ತಪ್ಪಾದರೆ ಪಕ್ಕದ್ದನ್ನು ಒತ್ತಿದೆ. ಟಿಂಗ್! ಚಿನ್ನದ ನಕ್ಷತ್ರವೊಂದು ಹಾರಿ ಬಂದು ನನ್ನನ್ನು ಚಾಂಪಿಯನ್ ಎಂದು ಸಾರಿತು. ನಗಬೇಡಿ, ಇಂಥ ನಕ್ಷತ್ರ ಹಾರಿಸುವುದೇ ನನ್ನ ಹೊಟ್ಟೆಪಾಡು. ಕೆಲಸ ಕಲಿಸುವುದನ್ನು ಆಟ ಮಾಡುವ ವಿಭಾಗದಲ್ಲಿ ನಾನೊಬ್ಬ ದೊಡ್ಡ ತಜ್ಞೆ!

ಕೆಲಸಕ್ಕೆ ಸೇರಿದ ಹೊಸತರಲ್ಲಂತೂ ನನಗೆ ಹುಚ್ಚೇ ಹಿಡಿದಿತ್ತು. ಕಂಡದ್ದಕ್ಕೆಲ್ಲ ಅಂಕ, ಕಂಡವರಿಗೆಲ್ಲ ಸ್ಥಾನ. ಪಾತ್ರೆ ತೊಳೆಯುವುದಕ್ಕೂ ಪಟ್ಟಿ ಮಾಡಿ ಫ್ರಿಜ್ಜಿನ ಮೇಲೆ ಅಂಟಿಸಿದ್ದೆ. ಇಬ್ಬರೇ ಇರುವ ಮನೆಯಲ್ಲಿ ಎರಡನೇ ಸ್ಥಾನ ಬಂದದ್ದಕ್ಕೆ ನನ್ನ ಗಂಡ ಮೂರು ದಿನ ಸಿಂಕಿನ ಕಡೆ ಸುಳಿಯಲಿಲ್ಲ.

ಆ ಕಾಲದಲ್ಲೇ ದೆಹಲಿಯ ಪೀತಮ್‌ಪುರದಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುತ್ತಿದ್ದೆ. ಸ್ನೇಹಿತರೊಬ್ಬರ ಮನೆಯ ಹಾಲು, ನೆಲಕ್ಕೊಂದು ಜಮಖಾನ, ಒಂಬತ್ತು ಮಕ್ಕಳು. ಅವರಲ್ಲಿ ಒಬ್ಬಳು ನಿಧಿ. ಅವಳಪ್ಪ ಕುಂದಾಪುರದವರು, ಪಕ್ಕದ ರೋಹಿಣಿ ಬಡಾವಣೆಯಲ್ಲಿ ಹೋಟೆಲ್ ಇಟ್ಟಿದ್ದರು. ಅಪ್ಪ ಅಮ್ಮ ಇಬ್ಬರೂ ಹೋಟೆಲಿನಲ್ಲೇ ಇರುವುದರಿಂದ ಅವಳನ್ನು ಕರೆತರುವವರು ಅಜ್ಜಿ. ಊರಿಂದ ಬಂದು ವರ್ಷವಾಗಿತ್ತು. ಅಜ್ಜಿಗೆ ಹಿಂದಿ ಬಾರದು. ತರಗತಿ ಮುಗಿಯುವವರೆಗೆ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಒಂದು ದಿನ ನನ್ನ ಕೈ ಹಿಡಿದುಕೊಂಡರು. "ಟೀಚರೇ, ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗೂದು. ನಾನು ಹತ್ತು ಮಾತಾಡಿದ್ರೆ ಅವಳದ್ದು ಒಂದು 'ಹೂಂ'. ನನ್ನ ಹತ್ರ ಒಂದು ಮಾತಾಡುವ ಹಾಗೆ ಮಾಡಿ ಮಾರಾಯ್ತಿ, ಸಾಕು."

ನಿಧಿಯನ್ನು ಕೇಳಿದರೆ, "ಮಿಸ್, ಸಮಝ್ ಮೇ ಆತಾ ಹೈ. ಬೋಲೂಂಗಿ ತೋ ಸಬ್ ಹಸೇಂಗೆ," ಎಂದು ತಲೆ ತಗ್ಗಿಸಿದಳು. ಅರ್ಥವೇನೋ ಆಗುತ್ತದೆ, ತಪ್ಪಾಡಿದರೆ ಎಲ್ಲರೂ ನಗುತ್ತಾರೆಂಬ ಭಯ, ಪಾಪ. ಇಂಥದ್ದಕ್ಕೇ ಅಲ್ಲವೇ ನಾನಿರುವುದು! "ನಾಲ್ಕೇ ವಾರ ಅಜ್ಜಿ, ನೋಡ್ತಾ ಇರಿ," ಎಂದು ಜಂಬ ಕೊಚ್ಚಿದೆ.

ಮುಂದಿನ ಭಾನುವಾರವೇ ಗೋಡೆಗೆ ಪಟ್ಟಿ ಬಂತು. ಪ್ರತಿಯೊಬ್ಬರಿಗೂ ಇಪ್ಪತ್ತು ನಕ್ಷತ್ರ. ಬಾಯಿಂದ ಒಂದು ಹಿಂದಿ ಪದ ಬಿದ್ದರೆ ಒಂದು ನಕ್ಷತ್ರ ಕಟ್. ಅಬ್ಬಾ, ಎಂಥ ಶಿಸ್ತು! ನಾಲ್ಕನೇ ವಾರಕ್ಕೆ ತರಗತಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಪ್ಪತ್ತಕ್ಕೆ ಇಪ್ಪತ್ತೂ ಉಳಿಸಿಕೊಂಡು ಮೊದಲು ಬಂದವಳು ನಿಧಿ. ಚಪ್ಪಾಳೆ ತಟ್ಟಿ ಪೆನ್ಸಿಲ್ ಡಬ್ಬಿ ಬಹುಮಾನ ಕೊಟ್ಟೆ. ಬಾಯಿ ಬಿಡದಿದ್ದರೆ ಸೋಲುವ ಮಾತೇ ಇಲ್ಲ ಎಂಬುದು ಆ ಪುಟ್ಟ ತಲೆಗೆ ಹೊಳೆದಿತ್ತು, ತಜ್ಞೆಗೆ ಹೊಳೆದಿರಲಿಲ್ಲ.

ಅಜ್ಜಿ ಡಬ್ಬಿಯನ್ನು ತಿರುಗಿಸಿ ನೋಡಿದರು. "ಮೊದಲು 'ಹೂಂ' ಆದ್ರೂ ಇತ್ತು ಟೀಚರೇ. ಈಗ ತಲೆ ಮಾತ್ರ ಆಡಿಸ್ತಾಳೆ."

ನಾಚಿಕೆಯಿಂದ ಭೂಮಿಗಿಳಿದುಹೋದೆ. ಆ ವಾರ ಪಟ್ಟಿ ಹರಿದೆಸೆದೆ. ಮತ್ತೇನು ಮಾಡಬೇಕೆಂದೂ ತಿಳಿಯಲಿಲ್ಲ. ಭಾನುವಾರ ಸುಮ್ಮನೆ ಜಮಖಾನ ಸರಿಸಿ, ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಒಂದು ಬದಿ ಉಜ್ಜಿದ ನಾಲ್ಕು ಹುಣಿಸೆ ಬೀಜ ಹಾಕಿ ಮಕ್ಕಳನ್ನು ಸುತ್ತ ಕೂರಿಸಿದೆ. ಯಾವ ಭಾಷೆಯಲ್ಲಾದರೂ ಕಿರುಚಿಕೊಳ್ಳಲಿ ಎಂದುಕೊಂಡೆ.

ಐದು ನಿಮಿಷವೂ ಆಗಿರಲಿಲ್ಲ, ಬಾಗಿಲ ಬಳಿಯ ಕುರ್ಚಿ ಕಿರ್ರೆಂದಿತು. "ಎಂಥ ಆಟ ಮಾರಾಯ್ತಿ ಇದು! ಒಂದಾದ್ರೂ ಕಾಯಿ ಕಡಿಯದೆ ಒಳಗಿನ ಮನೆಗೆ ಹೋಗ್ಲಿಕ್ಕುಂಟಾ?"

"ನಮ್ಮ ಮೈಸೂರಲ್ಲಿ ಹೋಗಬಹುದು ಅಜ್ಜಿ," ಎಂದೆ.

"ಹಾಗಾದ್ರೆ ಮೈಸೂರಿನವರಿಗೆ ಆಡ್ಲಿಕ್ಕೆ ಬರೂದಿಲ್ಲ!" ಎನ್ನುತ್ತಾ ಸೆರಗು ಸಿಕ್ಕಿಸಿಕೊಂಡು ನಿಧಿಯ ಎದುರಿಗೇ ಕುಳಿತರು. ಒಬ್ಬ ಹುಡುಗನನ್ನು ಎಬ್ಬಿಸಿ ಅವನ ಕಾಯಿಗಳನ್ನು ವಶಪಡಿಸಿಕೊಂಡರು.

ನಿಧಿಯ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿ. ಅಜ್ಜಿ ಬೀಜ ಎಸೆದರು. ಮೂರು ಬಿತ್ತು. ಬಿದ್ದದ್ದೇ ತಡ, ಬೀಜಗಳನ್ನು ಬಾಚಿಕೊಂಡು, ಟಕಟಕ ನಾಲ್ಕು ಮನೆ ನಡೆಸಿ ಮೊಮ್ಮಗಳ ಕಾಯಿ ಕಡಿದೇಬಿಟ್ಟರು!

"ಏ ಅಜ್ಜಿ!" ನಿಧಿ ಎದ್ದು ನಿಂತಿದ್ದಳು, ಮುಖ ಕೆಂಪಾಗಿತ್ತು. "ಚೀಟಿಂಗ್! ಮೂರು ಬಿದ್ದದ್ದು! ನಾಲ್ಕು ಮನೆ ಯಾಕೆ ಹೋದದ್ದು? ನನ್ನ ಕಾಯಿ ವಾಪಸ್ ಇಡಿ!"

"ಯಾರು ಹೇಳಿದ್ದು ಮೂರು ಅಂತ?"

"ನಾನು ನೋಡಿದೆ! ನಿಮ್ಮ ಕನ್ನಡಕ ಎಲ್ಲಿ? ಇಡಿ ಅಂದ್ರೆ ಇಡಿ! ನಾನು ಬಿಡೂದಿಲ್ಲ!"

ಯಾರೂ ನಗಲಿಲ್ಲ. ಅರ್ಧ ಮಕ್ಕಳು ಅಜ್ಜಿಯ ಕಡೆ, ಅರ್ಧ ನಿಧಿಯ ಕಡೆ ನಿಂತು ಕೂಗಾಡುತ್ತಿದ್ದರು. ಕೆಳಗಿನ ಮನೆಯವರು ಏನಾಯಿತೆಂದು ನೋಡಲು ಮೇಲೆ ಬಂದರು. ನನಗೆ ಕುಣಿಯಬೇಕೆನಿಸಿತು, ಕುಣಿದೂಬಿಟ್ಟೆ. ಅಜ್ಜಿ ಮೊಮ್ಮಗಳ ಜಗಳ ಮಾತ್ರ ಮೆಟ್ಟಿಲಿಳಿಯುವಾಗಲೂ ಮುಗಿದಿರಲಿಲ್ಲ.

ನಿಧಿ ಮುಂದೆ ಹೋದ ಮೇಲೆ ಅಜ್ಜಿ ತಿರುಗಿ ನನ್ನತ್ತ ನೋಡಿದರು. ಕಣ್ಣು ತುಂಬಿತ್ತು. "ಟೀಚರೇ," ಎಂದರು ಮೆಲ್ಲಗೆ, "ಮೂರೇ ಬಿದ್ದದ್ದು. ಬರುವ ವಾರವೂ ಮೋಸ ಮಾಡ್ತೇನೆ."

ಮೆಟ್ರೋ ನಿಂತಿತು. ಆಫೀಸಿಗೆ ಹೋದರೆ ಹೊಸದಾಗಿ ಸೇರಿದವರ ತಂಡ ಕಾಯುತ್ತಿತ್ತು. ಸಿಟ್ಟಾದ ಗ್ರಾಹಕರ ಜೊತೆ ಮಾತಾಡುವುದು ಹೇಗೆಂದು ಕಲಿಸಬೇಕು. ಅಂಕಗಳ ಪರದೆಯನ್ನು ಆಫ್ ಮಾಡಿಬಿಟ್ಟೆ. ಕೈಯಲ್ಲಿ ಫೋನು ಹಿಡಿದ ಹಾಗೆ ನಟಿಸಿ, ಕಾಣದ ಗ್ರಾಹಕರಿಗೆ, "ಅದು ನಮ್ಮ ಕೆಲಸ ಅಲ್ಲ, ಬೇರೆ ನಂಬರಿಗೆ ಮಾಡಿ," ಎಂದು ಹಿಂದಿಯಲ್ಲಿ ಗದರಿಸಿ, "ನೋಡಿ, ಹೀಗೆ ಮಾತಾಡಬೇಕು," ಎಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಕೊನೆಯ ಸಾಲಿನಲ್ಲಿ ಅಲ್ಲಿಯವರೆಗೆ ತುಟಿ ಬಿಚ್ಚದ ಹುಡುಗಿಯೊಬ್ಬಳು ಎದ್ದು ನಿಂತಳು.

"ಅರೆ ಮ್ಯಾಮ್, ಯೇ ತೋ ಗಲತ್ ಹೈ!"

ನನಗೇ ತಪ್ಪು ಎನ್ನುತ್ತಿದ್ದಾಳೆ! ಎದೆ ಕುಣಿಯಿತು. ಆದರೆ ನಾನು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ.